ಎರಡು ಸಲ ಇಟ್ಟ ಮೊದಲ ಹೆಜ್ಜೆ

ರಾಯಚೂರಿಗೆ ಹೋದಾಗಲೆಲ್ಲ ನಮ್ಮ ಓಣಿಯ ಹೆಣ್ಣುಮಕ್ಕಳು ಕೇಳುವ ಪ್ರಶ್ನೆಗಳಿಗೆ ಒಂದು ಕ್ರಮ ಇರುತ್ತದೆ. ಹಲ್ಲು ಎಷ್ಟು ತಿಂಗಳಿಗೆ ಬಂದವು, ಮಾತು ಯಾವಾಗ ಬಂತು, ಕೂಸು ಯಾವಾಗ ನಡೀತು? ಇವೆಲ್ಲ ಹೆತ್ತವಳಿಗೆ ಬಾಯಿಪಾಠ ಇರಬೇಕಾದ ಸಂಗತಿಗಳು. ನನ್ನ ಮಗನಿಗೆ ಈಗ ಎಂಟು ವರ್ಷ. ಅವನು ಯಾವಾಗ ನಡೆದ ಅಂದರೆ ನಾನು ಇವತ್ತಿಗೂ ಒಂದು ಕ್ಷಣ ತಡವರಿಸುತ್ತೇನೆ. ಮರೆತಿದೆ ಅಂತಲ್ಲ. ನನ್ನ ಹತ್ತಿರ ಎರಡು ಉತ್ತರ ಇವೆ. ಒಂದು ಸೋಮವಾರದ್ದು, ಇನ್ನೊಂದು ಮಂಗಳವಾರದ್ದು.

2017ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತ್ತು. ಅದೇ ವರ್ಷ ಹೆತ್ತದ್ದರಿಂದ ನನಗೆ ಆರು ತಿಂಗಳು ಸಿಕ್ಕಿತು. ಆಮೇಲೆ ಬೆಳಿಗ್ಗೆ ಕಾಚಿಗುಡದಲ್ಲಿ ಎಂಎಂಟಿಎಸ್ ರೈಲು ಹತ್ತುವುದು, ಹೈಟೆಕ್ ಸಿಟಿಯಲ್ಲಿ ಇಳಿಯುವುದು, ಕತ್ತಲಾದ ಮೇಲೆ ತಿರುಗಿ ಬರುವುದು. ಮಗುವನ್ನು ನೋಡಿಕೊಳ್ಳಲು ಬಂದವಳು ಮಕ್ತಲ್ ಕಡೆಯವಳು. ಅಕ್ಕ ಅಂತಲೇ ಕರೆಯುತ್ತೇನೆ. ರಾಯಚೂರಿನಿಂದ ಇಲ್ಲಿಗೆ ಬರುವ ಬಸ್ಸು ಕೃಷ್ಣಾ ನದಿ ದಾಟಿ ಮಕ್ತಲ್, ದೇವರಕದ್ರ, ಮಹಬೂಬ್‌ನಗರದ ಮೇಲೆ ಬರುತ್ತದೆ. ಅಂದರೆ ಇಬ್ಬರೂ ಒಂದೇ ರಸ್ತೆಯಲ್ಲಿ ಬಂದವರು, ನಾನು ಸ್ವಲ್ಪ ಹಿಂದಿನ ಸ್ಟಾಪಿನಲ್ಲಿ ಹತ್ತಿದವಳು, ಅಷ್ಟೆ. ಅವಳ ತೆಲುಗಿನಲ್ಲಿ ಕಾಲುಭಾಗ ಕನ್ನಡ. (ಹೈದರಾಬಾದನ್ನು ಪರವೂರು ಅನ್ನಲಿಕ್ಕೆ ನಮ್ಮಂಥವರಿಗೆ ಸ್ವಲ್ಪ ಸಂಕೋಚವೇ. 1948ರ ತನಕ ನಮ್ಮನ್ನು ಆಳಿದವರು ನಿಜಾಮರು. 1956ರ ನವೆಂಬರಿನಲ್ಲಿ ರಾಜ್ಯ ಒಡೆಯುವ ತನಕ ಇದೇ ನಮ್ಮ ರಾಜಧಾನಿ. ನಾವು ಬಿಟ್ಟು ಬಂದೆವೋ, ವಾಪಸು ಬಂದೆವೋ!)

ಇರಲಿ. ಆ ಮಂಗಳವಾರ ನಾನು ಚಪ್ಪಲಿ ಬಿಡುವಷ್ಟರಲ್ಲೇ ಅಕ್ಕ ಹೇಳಿದಳು: "ಇವತ್ತು ಬಾಬು ಭಾರೀ ಹವಣಿಸ್ತಾ ಇದ್ದಾನೆ, ಅಲ್ಲೇ ಕೂತು ಕೈ ಚಾಚಿರಿ ಅಮ್ಮಾ." ಕೂತೆ. ಅವಳು ಗೋಡೆಗೆ ಅವನನ್ನು ನಿಲ್ಲಿಸಿ ಕೈ ಬಿಟ್ಟಳು. ನಾಲ್ಕು ಹೆಜ್ಜೆ. ನಾಲ್ಕನೆಯದಕ್ಕೆ ನನ್ನ ಮಡಿಲಲ್ಲಿ ಬಿದ್ದ. ಆ ನಾಲ್ಕು ಹೆಜ್ಜೆಗೆ ನಾನು ಅತ್ತದ್ದು ನೋಡಿದರೆ ನಮ್ಮ ಆಫೀಸಿನವರು ನಗುತ್ತಿದ್ದರು.

ತೆಲುಗರಲ್ಲಿ ಮಗು ಹೆಜ್ಜೆ ಇಟ್ಟರೆ ಅರಿಸೆ ಮಾಡುವ ರೂಢಿ ಇದೆ. ಬುಧವಾರ ಮುಂಜಾನೆ ಏಳಕ್ಕೇ ಅಕ್ಕ ಸ್ಟೀಲಿನ ಡಬ್ಬಿ ತುಂಬ ಅರಿಸೆ ತಂದಳು. ನಾನು ಹಿಗ್ಗಿ ಅವ್ವನಿಗೆ ಫೋನು ಮಾಡಿದೆ. ಅವ್ವ ಎಲ್ಲಾ ಕೇಳಿ, ಒಂದೇ ಒಂದು ಮಾತು ಕೇಳಿದಳು: "ಅರಿಸಿ ಅಂದ್ರ ನಮ್ಮ ಕಜ್ಜಾಯ ಇದ್ದಂಗ ಅಲ್ಲೇನವಾ? ಹಂಗಾದ್ರ ಅಕ್ಕಿ ಯಾವಾಗ ನೆನಿ ಹಾಕಿದ್ಲು?"

ಅಕ್ಕಿ ಒಂದು ದಿನವಾದರೂ ನೆನೆಯಬೇಕು, ಆರಬೇಕು, ಹಸಿಯಾಗಿದ್ದಾಗಲೇ ಕುಟ್ಟಬೇಕು, ಬೆಲ್ಲದ ಪಾಕಕ್ಕೆ ಹಾಕಬೇಕು. ಮಂಗಳವಾರ ರಾತ್ರಿ ಎಂಟಕ್ಕೆ ನಡೆದ ಮಗುವಿಗೆ ಬುಧವಾರ ಏಳಕ್ಕೆ ಅರಿಸೆ ಆಗುವುದಿಲ್ಲ.

ಕೇಳಿದೆ. ಅಕ್ಕ ಮೊದಲು ಡಬ್ಬಿಯ ಮುಚ್ಚಳ ಸರಿ ಮಾಡಿದಳು, ಆಮೇಲೆ ನಕ್ಕಳು. "ಸೋಮವಾರದ್ದು ಪ್ರಾಕ್ಟೀಸಮ್ಮಾ. ನಿಮ್ಮೆದುರಿಗೆ ನಡೆದದ್ದೇ ಅಸಲು."

ನನಗೆ ಕೋಪ ಬರಬೇಕಿತ್ತೇನೋ. ಬರಲಿಲ್ಲ. ಆದರೆ ಒಂದು ಪ್ರಶ್ನೆ ಅಂಟಿಕೊಂಡಿತು: ಸುಳ್ಳಿನ ಮೇಲೆ ನಿಂತಿದ್ದ ನನ್ನ ಆ ಸಂತೋಷವೂ ಸುಳ್ಳೇ? ನಾವು ಪುಣ್ಯಕೋಟಿಯ ಕಥೆ ಕೇಳಿ ಬೆಳೆದವರು. ತೆಲುಗರಿಗೂ ಆ ಹಸು-ಹುಲಿ ಗೊತ್ತು, ಅನಂತಾಮಾತ್ಯನ 'ಭೋಜರಾಜೀಯ'ದಲ್ಲಿದೆ. ಹುಲಿಗೆ ಕೊಟ್ಟ ಮಾತು ತಪ್ಪದ ಹಸುವನ್ನು ಕೊಂಡಾಡುತ್ತೇವೆ. ಆದರೆ ಹೊರಡುವ ಮುಂಚೆ ಅದು ಮಾಡಿದ ಕೆಲಸ ಏನು? ಕರುವನ್ನು ಜೊತೆಯ ಹಸುಗಳಿಗೆ ಒಪ್ಪಿಸಿತು. ಆ ಹಸುಗಳ ಹೆಸರು ಯಾರೂ ಕೇಳಲಿಲ್ಲ. ಸತ್ಯವಂತೆ ಹೊರಟಳು, ಕರುವಿನ ಹತ್ತಿರ ಉಳಿದವರು ಅವು. ದಿನಾ ಬೆಳಿಗ್ಗೆ ಬಾಗಿಲು ಎಳೆದುಕೊಂಡು ಹೊರಡುವ ನನಗೆ ಈ ಕಥೆಯಲ್ಲಿ ಹುಲಿಗಿಂತ ಅವೇ ಹೆಚ್ಚು ಕಾಣುತ್ತವೆ.

ಸಂತೋಷ ಸುಳ್ಳಲ್ಲ ಅಂತಲೇ ನನಗನ್ನಿಸುವುದು. ಮಗು ನಡೆದದ್ದು ನಿಜ, ಬಿದ್ದದ್ದು ನನ್ನ ಮಡಿಲಲ್ಲೇ. ಸುಳ್ಳಾದದ್ದು ಎಣಿಕೆ ಮಾತ್ರ. 'ಮೊದಲು' ಅನ್ನುವ ಎಣಿಕೆಗೆ ಅಷ್ಟು ಬೆಲೆ ಕಟ್ಟಿದವರು ಯಾರು? ಮಗುವಿಗಂತೂ ಅದರ ಗೊಡವೆ ಇಲ್ಲ. ಇಷ್ಟಕ್ಕೇ ಸುಮ್ಮನಾಗಬಹುದಿತ್ತು. ಆದರೆ ಅಕ್ಕ ಇದನ್ನು ಯಾಕೆ ಮಾಡಿದಳು ಅನ್ನುವುದು ಗೊತ್ತಾಗಿ ಲೆಕ್ಕ ಬೇರೆಯಾಯಿತು.

ಪಾಲಮೂರು ಅಂದರೆ ಹಳೆಯ ಮಹಬೂಬ್‌ನಗರ ಜಿಲ್ಲೆ. ದೇಶದ ಎಷ್ಟೋ ಅಣೆಕಟ್ಟು, ಕಾಲುವೆಗಳಲ್ಲಿ ಮಣ್ಣು ಹೊತ್ತವರು ಆ ಸೀಮೆಯ ಕೂಲಿಗಳು. ಮಗಳು ನಡೆದಾಗ ಅಕ್ಕ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದಳು. ಸುದ್ದಿ ಬಂದದ್ದು ಮೇಸ್ತ್ರಿಯ ಫೋನಿಗೆ, ಅದೂ ಎರಡು ದಿನ ತಡವಾಗಿ. "ನನ್ನ ಬಿಡ್ಡ ನಡೆದದ್ದು ನಾನು ಕೇಳಿದ್ದು, ನೋಡಿದ್ದಲ್ಲ" ಅಂದಳು. ದುಃಖದ ದನಿಯಲ್ಲೇನೂ ಅಲ್ಲ, ಬಟಾಣಿ ಸುಲಿಯುತ್ತಾ. ಮಗಳು ಆಗಲೂ ಈಗಲೂ ಅಜ್ಜಿಯ ಹತ್ತಿರವೇ ಬೆಳೆದವಳು.

ಆಗ ಅನ್ನಿಸಿತು, ನಾನು ಸಂಬಳ ಕೊಟ್ಟು ಕೊಂಡದ್ದು ಅವಳ ಬೆಳಗಿನ ಒಂಬತ್ತರಿಂದ ರಾತ್ರಿ ಎಂಟರ ತನಕದ ಹೊತ್ತನ್ನು. ನಾನು ಏನನ್ನು ಕಳೆದುಕೊಳ್ಳಬಾರದು ಅಂತ ಯೋಚಿಸುವ ಕೆಲಸ ಆ ಮಾತುಕತೆಯಲ್ಲಿ ಇರಲಿಲ್ಲ. ಸಂಬಳ ಏರಿಸಿದರೆ ಇದು ತೀರುತ್ತದೆಯೇ? ಏರಿಸಿದೆ, ಅದು ಹೇಗೂ ಏರಿಸಬೇಕಾದದ್ದೇ. ಅದನ್ನು ಇದಕ್ಕೆ ಜಮಾ ಮಾಡಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ದುಡಿಯುವ ಹೆಂಗಸಿಗೆ ಬದುಕಿನ ಸಣ್ಣ ಸಣ್ಣ ಸಂತೋಷಗಳನ್ನು ಹುಡುಕಿಕೋ ಅಂತ ಎಲ್ಲರೂ ಉಪದೇಶ ಮಾಡುತ್ತಾರೆ, ಅವು ರಸ್ತೆಯ ಮೇಲೆ ಪುಕ್ಕಟೆ ಬಿದ್ದಿರುವ ಹಾಗೆ. ನನ್ನ ಮನೆಯಲ್ಲಿ ಅವನ್ನು ಒಬ್ಬಳು ಎತ್ತಿಟ್ಟು, ಒರೆಸಿ, ನಾನು ಬರುವ ತನಕ ಕಾದು ಕೊಡುತ್ತಾಳೆ. ಅವಳದನ್ನು ಅಲ್ಲಿ ಇನ್ನೊಬ್ಬಳು ಮುದುಕಿ ಕಾಯುತ್ತಾಳೆ. ಇಪ್ಪತ್ತಾರು ವಾರದ ಕಾಯ್ದೆ ಆ ಮೇಸ್ತ್ರಿಯ ಗುಂಪಿನವರೆಗೆ ಹೋಗಿ ಮುಟ್ಟಿದ್ದನ್ನು ನಾನು ನೋಡಿಲ್ಲ.

2024ರ ಮಾರ್ಚಿನಲ್ಲಿ ಮಗಳಿಗೆ ಹತ್ತನೆಯ ಪರೀಕ್ಷೆ. ಅಕ್ಕ ಒಂದು ತಿಂಗಳು ಹೋಗುತ್ತೇನೆ ಅಂದಳು. ನಮ್ಮಲ್ಲಿ ಮಾರ್ಚಿ ಅಂದರೆ ವರ್ಷಾಂತ್ಯದ ಲೆಕ್ಕ, ಉಸಿರಾಡಲು ಬಿಡುವಿಲ್ಲ. ರಾಯಚೂರಿನಿಂದ ಅವ್ವ ಬಂದಳು, ಅಲ್ಲಿ ಅಪ್ಪ ತಿಂಗಳಿಡೀ ಖಾನಾವಳಿ ರೊಟ್ಟಿ ತಿಂದರು. ಆ ತಿಂಗಳಲ್ಲೇ ಮಗನ ಮೊದಲ ಹಾಲುಹಲ್ಲು ಬಿತ್ತು. ಮಾಡಿನ ಮೇಲೆ ಎಸೆಯೋಣ ಅಂತ ಅವ್ವ ಅಂದರೆ ಬೇಡ ಅಂದೆ. ಬೆಂಕಿಪೆಟ್ಟಿಗೆಯಲ್ಲಿಟ್ಟು ದೇವರ ಫೋಟೋದ ಹಿಂದೆ ಇಟ್ಟೆವು.

ಅಕ್ಕ ಏಪ್ರಿಲ್‌ನಲ್ಲಿ ಬಂದಳು. ಮಗ ಚೀಲ ಇಳಿಸಲೂ ಬಿಡದೆ ಬೆಂಕಿಪೆಟ್ಟಿಗೆ ಕೊಟ್ಟ. ತೆರೆದು, ಹಲ್ಲನ್ನು ಅಂಗೈಯಲ್ಲಿ ಇಟ್ಟುಕೊಂಡು, ಅವನ ಬಾಯಿ ತೆರೆಸಿ ಒಂದೊಂದಾಗಿ ಎಣಿಸಿದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು: "ನಿಜಕ್ಕೂ ಇದೇ ಮೊದಲನೇದಾ ಅಮ್ಮಾ?"