ಸೂರ್ಯ ಮುಳುಗುವ ಮುನ್ನ

ಸಾಲ ಪಡೆದವನು ತೀರಿಕೊಂಡರೆ ಸಾಲವೂ ತೀರಿಹೋಗುತ್ತದೆಯೇ? ನಮ್ಮ ಮನೆತನಗಳಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಬೇಕಾಗಿಲ್ಲ. ತಂದೆಯು ಅಂಗಡಿಯಲ್ಲಿ ಉಳಿಸಿಹೋದ ಬಾಕಿಯನ್ನು ಮಗನು ತೀರಿಸುತ್ತಾನೆ. ಕಾನೂನು ಹಾಗೆ ಹೇಳುತ್ತದೆ ಎಂಬುದಕ್ಕಿಂತ, ತಂದೆಯ ಹೆಸರಿಗೆ ಕಳಂಕ ಬರಬಾರದೆಂಬುದೇ ಅದಕ್ಕೆ ಕಾರಣ. ಆದರೆ ಕಂಪನಿಯೊಂದು ಸತ್ತರೆ? ಬದುಕಿದ್ದಾಗ ಅದು ಕಾನೂನಿನ ಕಣ್ಣಿನಲ್ಲಿ ಒಬ್ಬ ವ್ಯಕ್ತಿ. ಅದು ಜಮೀನು ಕೊಳ್ಳಬಹುದಿತ್ತು, ದಾವೆ ಹೂಡಬಹುದಿತ್ತು, ಜನರನ್ನು ಕೆಲಸಕ್ಕೆ ಸೇರಿಸಿಕೊಳ್ಳಬಹುದಿತ್ತು. ಸತ್ತ ಮೇಲೆ ಅದಕ್ಕೆ ವಿಧವೆಯಿಲ್ಲ, ಮಕ್ಕಳಿಲ್ಲ, ಹೆಸರು ಕೆಟ್ಟೀತೆಂದು ಅಂಜುವವರೂ ಇಲ್ಲ. ಬಾಕಿ ಮಾತ್ರ ಉಳಿಯುತ್ತದೆ.

ಬೆಂಗಳೂರನ್ನೇ ಕೇಂದ್ರವಾಗಿಸಿಕೊಂಡಿದ್ದ ಕಿಂಗ್‌ಫಿಶರ್ ವಿಮಾನಯಾನ ಸಂಸ್ಥೆಯ ಹಾರಾಟ 2012ರ ಅಕ್ಟೋಬರ್‌ನಲ್ಲಿ ನಿಂತಿತು. ಅದಕ್ಕೂ ಹಲವು ತಿಂಗಳ ಮೊದಲಿನಿಂದಲೇ ನೌಕರರಿಗೆ ಸಂಬಳವಾಗಿರಲಿಲ್ಲ. 2016ರ ನವೆಂಬರ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಸಂಸ್ಥೆಯನ್ನು ಮುಚ್ಚಿ ಲೆಕ್ಕ ಚುಕ್ತಾ ಮಾಡಲು ಆದೇಶಿಸಿತು. ಮಾಜಿ ನೌಕರರಿಗೆ ಹಂಚುವುದಕ್ಕೆಂದು ಸುಮಾರು 312 ಕೋಟಿ ರೂಪಾಯಿಗಳು ಅಧಿಕೃತ ಲಿಕ್ವಿಡೇಟರ್ ಅವರ ಕೈಸೇರುವ ದಾರಿ ತೆರೆದದ್ದು 2025ರ ಡಿಸೆಂಬರ್‌ನಲ್ಲಿ. ಹದಿಮೂರು ವರ್ಷಗಳು! ಸಂಬಳ ನಿಂತಾಗ ಒಂದನೆಯ ತರಗತಿಯಲ್ಲಿದ್ದ ಮಗು ಅಷ್ಟರಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿರುತ್ತದೆ. ಆ ಮಗುವಿನ ಶಾಲೆಯ ಶುಲ್ಕಕ್ಕಾಗಿ ಅಂದು ಅಡವಿಟ್ಟ ಬಳೆಗಳು ಹರಾಜಾಗಿ ಹೋಗಿದ್ದರೆ, ಇಂದು ಬರುವ ಹಣ ಅವುಗಳನ್ನು ಹಿಂದಕ್ಕೆ ತಂದೀತೆ?

ಸಂಬಳದ ಬಾಕಿಯನ್ನು ಇತರ ಸಾಲಗಳೊಂದಿಗೆ ಒಂದೇ ಪಟ್ಟಿಯಲ್ಲಿ ಬರೆಯುವುದು ವಾಡಿಕೆ. ಅವೆರಡೂ ಒಂದೇ ಅಲ್ಲ. ಬ್ಯಾಂಕು ಸಾಲ ಕೊಡುವ ಮುನ್ನ ಲೆಕ್ಕಪತ್ರಗಳನ್ನು ಪರಿಶೀಲಿಸುತ್ತದೆ, ಆಸ್ತಿಯನ್ನು ಅಡಮಾನ ಮಾಡಿಸಿಕೊಳ್ಳುತ್ತದೆ, ನಷ್ಟದ ಭಯಕ್ಕೆ ಬೆಲೆಯೆಂಬಂತೆ ಬಡ್ಡಿ ವಿಧಿಸುತ್ತದೆ. ಕಾರ್ಮಿಕನೂ ಸಾಲ ಕೊಡುತ್ತಾನೆ, ಆದರೆ ತಾನು ಸಾಲ ಕೊಡುತ್ತಿದ್ದೇನೆಂಬುದು ಅವನಿಗೆ ತಿಳಿದಿರುವುದಿಲ್ಲ. ತಿಂಗಳ ಮೊದಲ ದಿನದಿಂದ ಕೊನೆಯ ದಿನದವರೆಗೆ ತನ್ನ ಮೈಬೆವರನ್ನು ಮುಂಗಡವಾಗಿ ಕೊಟ್ಟು, ಆಮೇಲೆ ಕೂಲಿಗಾಗಿ ಕಾಯುತ್ತಾನೆ. ಅದಕ್ಕೆ ಪತ್ರವಿಲ್ಲ, ಬಡ್ಡಿಯಿಲ್ಲ, ಅಡಮಾನವಂತೂ ಇಲ್ಲವೇ ಇಲ್ಲ. ಬ್ಯಾಂಕಿಗೆ ಹತ್ತು ಸಾಲಗಾರರಲ್ಲಿ ಒಬ್ಬನು ಕೈಕೊಟ್ಟರೆ ಉಳಿದ ಒಂಬತ್ತು ಮಂದಿಯಿದ್ದಾರೆ. ಕಾರ್ಮಿಕನಿಗೆ ಇರುವುದು ಒಬ್ಬನೇ ಯಜಮಾನ.

ನಮ್ಮ ದೇಶದ ಕಾನೂನು ಈ ವ್ಯತ್ಯಾಸವನ್ನು ನಿಧಾನವಾಗಿ ಗುರುತಿಸಿತು. 1985ರಲ್ಲಿ ಕಂಪನಿ ಕಾಯಿದೆಗೆ ತಂದ ತಿದ್ದುಪಡಿಯು ಕಾರ್ಮಿಕರ ಬಾಕಿಯನ್ನು ಅಡಮಾನವುಳ್ಳ ಸಾಲಗಳಿಗೆ ಸರಿಸಮವಾಗಿ ಇರಿಸಿತು. 2016ರ ದಿವಾಳಿ ಸಂಹಿತೆಯು ಕಾರ್ಮಿಕರ 24 ತಿಂಗಳ ಬಾಕಿಗೆ ಅದೇ ಸ್ಥಾನ ಕೊಟ್ಟು, ಇತರ ನೌಕರರ 12 ತಿಂಗಳ ಬಾಕಿಯನ್ನು ಅದರ ಕೆಳಗಿನ ಮೆಟ್ಟಿಲಿನಲ್ಲಿ ಇರಿಸಿತು. ಭವಿಷ್ಯನಿಧಿ ಮತ್ತು ಉಪದಾನ ನಿಧಿಗಳ ಹಣವನ್ನು ಸಾಲಗಾರರು ಹಂಚಿಕೊಳ್ಳುವ ಆಸ್ತಿಯಿಂದಲೇ ಹೊರಗಿಟ್ಟಿತು. ಬ್ಯಾಂಕಿನ ಹಣವೂ ಬಡವರ ಠೇವಣಿಯೇ ಅಲ್ಲವೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ನಷ್ಟವನ್ನು ಸಾವಿರಾರು ಜನರ ಹೆಗಲಿನ ಮೇಲೆ ತೆಳುವಾಗಿ ಹರಡಬಲ್ಲವರು ಮತ್ತು ಇಡೀ ಭಾರವನ್ನು ಒಂದೇ ಅಡುಗೆಮನೆಯಲ್ಲಿ ಹೊರಬೇಕಾದವರು ಸಮಾನರಲ್ಲ ಎಂಬುದೇ ನನ್ನ ಅನಿಸಿಕೆ.

ಪವಿತ್ರ ಗ್ರಂಥವು ಇಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿದೆ. ಕೂಲಿಯನ್ನು ಎಷ್ಟು ಕೊಡಬೇಕೆಂಬುದರ ಜೊತೆಗೆ ಯಾವಾಗ ಕೊಡಬೇಕೆಂಬುದನ್ನೂ ಅದು ಹೇಳುತ್ತದೆ. ಧರ್ಮೋಪದೇಶಕಾಂಡದ 24ನೇ ಅಧ್ಯಾಯದ ಪ್ರಕಾರ ಬಡ ಕೂಲಿಯಾಳಿನ ಹಣ ಸೂರ್ಯ ಮುಳುಗುವ ಮೊದಲೇ ಅವನ ಕೈಸೇರಬೇಕು. ಯಾಜಕಕಾಂಡದ ಪ್ರಕಾರ ಅದು ಮರುದಿನ ಬೆಳಗಿನವರೆಗೆ ಯಜಮಾನನ ಬಳಿ ತಂಗಬಾರದು. ಪ್ರಭುವಿನ ಸಾಮತಿಯಲ್ಲಿಯೂ ದ್ರಾಕ್ಷಿತೋಟದ ಒಡೆಯನು ಲೆಕ್ಕ ಚುಕ್ತಾ ಮಾಡಿಸಿದ್ದು ಅದೇ ಸಂಜೆ. ತಡವಾಗಿ ಬಂದವರಿಗೂ ಅವನು ಪೂರ್ಣ ಕೂಲಿ ಕೊಟ್ಟದ್ದನ್ನು ನಾವು ಪ್ರಬೋಧನೆಗಳಲ್ಲಿ ಕೇಳುತ್ತೇವೆ. ಯಾರನ್ನೂ ನಾಳೆ ಬಾ ಎಂದು ಕಳುಹಿಸಲಿಲ್ಲ ಎಂಬುದನ್ನು ಅಷ್ಟಾಗಿ ಗಮನಿಸುವುದಿಲ್ಲ. ಸಿರಾಖನಂತೂ ಕೂಲಿ ಕಸಿಯುವುದನ್ನು ರಕ್ತ ಹರಿಸುವುದಕ್ಕೆ ಸಮವೆನ್ನುತ್ತಾನೆ. ಅದರಂತೆಯೇ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು, ಸ್ವರ್ಗಕ್ಕೆ ಮೊರೆಯಿಡುವ ಪಾಪಗಳ ಸಾಲಿನಲ್ಲಿ, ಹೇಬೆಲನ ರಕ್ತದ ಜೊತೆಗೇ, ಕೂಲಿಗಾರನಿಗಾಗುವ ಅನ್ಯಾಯವನ್ನೂ ಎಣಿಸುತ್ತದೆ. 1891ರಲ್ಲಿ ಜಗದ್ಗುರು ಹದಿಮೂರನೇ ಲಿಯೋ ಅವರು ತಮ್ಮ ವಿಶ್ವಪತ್ರದಲ್ಲಿ ಇದನ್ನು ಮಹಾಪರಾಧವೆಂದೇ ಕರೆದರು. ಆದರೂ ಪಾಪನಿವೇದನೆಗೆ ಮುನ್ನ ಆತ್ಮಪರಿಶೋಧನೆ ಮಾಡಿಕೊಳ್ಳುವಾಗ ಸಂಬಳದ ಪುಸ್ತಕವನ್ನು ತೆರೆದು ನೋಡುವವರು ಎಷ್ಟು ಮಂದಿ?

ಇನ್ನೊಂದು ಮಾತನ್ನು ಇಲ್ಲಿ ಹೇಳಲೇಬೇಕು. ನ್ಯಾಯಾಲಯದ ಮೆಟ್ಟಿಲು ಹತ್ತಿ ಸವೆದ ಕಾರ್ಮಿಕನಿಗೆ ನಮ್ಮಲ್ಲೇ ಕೆಲವರು ಹೇಳುವುದುಂಟು: "ಕ್ಷಮಿಸಿ ಬಿಟ್ಟುಬಿಡಪ್ಪಾ, ದೇವರು ಬೇರೆ ದಾರಿ ತೋರಿಸುತ್ತಾನೆ." ಮಾತು ಭಕ್ತಿಯದೇ. ಆದರೆ ಅದು ಎರಡು ಬೇರೆ ಸಂಗತಿಗಳನ್ನು ಬೆರೆಸಿಬಿಡುತ್ತದೆ. ತನಗಾದ ಅವಮಾನವನ್ನು ಅವನು ಕ್ಷಮಿಸಬಹುದು, ಕ್ಷಮಿಸಬೇಕು ಕೂಡ. ಆದರೆ ಮಕ್ಕಳ ಅನ್ನವನ್ನು, ಮುಪ್ಪಿನ ತಾಯಿಯ ಔಷಧಿಯನ್ನು ಅವರ ಪರವಾಗಿ ಕ್ಷಮಿಸುವ ಅಧಿಕಾರ ಅವನಿಗೆಲ್ಲಿದೆ? ದ್ವೇಷವಿಲ್ಲದೆಯೂ ಹಕ್ಕನ್ನು ಕೇಳಬಹುದು. ಅನ್ಯಾಯದ ನ್ಯಾಯಾಧಿಪತಿಯ ಬಾಗಿಲಿಗೆ ಮತ್ತೆ ಮತ್ತೆ ಹೋದ ವಿಧವೆಯನ್ನು ಪ್ರಭುವು ಹಟಮಾರಿಯೆಂದು ಗದರಲಿಲ್ಲ. ಅವಳನ್ನೇ ನಮಗೆ ಮಾದರಿಯಾಗಿ ಕೊಟ್ಟರು.

ದೊಡ್ಡ ಕಂಪನಿಗಳನ್ನು ದೂರುವುದು ಸುಲಭ. 2020ರ ಮಾರ್ಚ್‌ನಲ್ಲಿ ದೇಶಕ್ಕೆ ದೇಶವೇ ಬೀಗ ಹಾಕಿಕೊಂಡಾಗ ನಮ್ಮ ಮನೆಗಳೂ ಚಿಕ್ಕ ಕಂಪನಿಗಳಂತೆಯೇ ಮುಚ್ಚಿದವು. ಪಾತ್ರೆ ತೊಳೆಯುತ್ತಿದ್ದಾಕೆಗೆ, ವಾಹನ ಓಡಿಸುತ್ತಿದ್ದಾತನಿಗೆ ಆ ತಿಂಗಳ ಸಂಬಳ ತಲುಪಿತೇ? ಎಷ್ಟೋ ಕುಟುಂಬಗಳು ಕೆಲಸವಿಲ್ಲದಿದ್ದರೂ ಕರೆದು ಕೊಟ್ಟವು. ಎಷ್ಟೋ ಕುಟುಂಬಗಳು, ಅದುವರೆಗೆ ದುಡಿದಿದ್ದ ದಿನಗಳ ಲೆಕ್ಕವನ್ನೂ ಕೊಡದೆ, ಮುಂದೆ ನೋಡೋಣವೆಂದವು. ಆ ಬಾಕಿ ನ್ಯಾಯಾಲಯದವರೆಗೆ ಹೋಗುವುದು ಅಪರೂಪ.

ಧರ್ಮಕೇಂದ್ರಗಳಿಂದ ಆಗಬಹುದಾದ ಒಂದು ಸಣ್ಣ ಕೆಲಸವಿದೆ. ಕಂಪನಿ ದಿವಾಳಿಯಾದಾಗ ಬಾಕಿ ಇರುವವರು ತಮ್ಮ ಹಕ್ಕನ್ನು ಸಲ್ಲಿಸಬೇಕೆಂದು ಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತದೆ, ಅದಕ್ಕೆ ಗಡುವೂ ಇರುತ್ತದೆ. ಅದು ಕಣ್ಣಿಗೆ ಬೀಳದೆ, ಬಿದ್ದರೂ ಅರ್ಥವಾಗದೆ ಗಡುವು ಮೀರಿಸಿಕೊಳ್ಳುವವರಿದ್ದಾರೆ. ನೇಮಕಾತಿ ಪತ್ರ, ಸಂಬಳದ ಚೀಟಿಗಳು, ಬ್ಯಾಂಕಿನ ಪಾಸ್‌ಬುಕ್, ಭವಿಷ್ಯನಿಧಿಯ ಸಂಖ್ಯೆ, ಇಷ್ಟನ್ನು ಜೋಡಿಸಿ ಅರ್ಜಿ ತುಂಬಿಕೊಡಲು ವಾಣಿಜ್ಯಶಾಸ್ತ್ರ ಓದುತ್ತಿರುವ ನಮ್ಮ ಯುವಕ ಯುವತಿಯರಿಗೆ ಒಂದು ಸಂಜೆ ಸಾಕು. ಭಾನುವಾರದ ಬಲಿಪೂಜೆಯ ನಂತರ ಗುಡಿಯ ಅಂಗಳದಲ್ಲಿ ಒಂದು ಮೇಜು, ನಾಲ್ಕು ಕುರ್ಚಿಗಳನ್ನು ಹಾಕಿಸಿದರೆ ಆಯಿತು.