ಯಾರ ಕರ್ಮ?



ತಂಗಡಗಿಯಲ್ಲಿ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಯುವಕನನ್ನು ನೋಡಲು ಹೋಗಿದ್ದೆ. "ಹಿಂದಿನ ಜನ್ಮದ ಕರ್ಮ" ಎಂದರೊಬ್ಬರು. ನಾನು ಸುಮ್ಮನಿದ್ದೆ, ಅದು ನನ್ನ ತಪ್ಪು. ನಮ್ಮನ್ನು ಊರ ಹೊರಗಿಟ್ಟದ್ದೂ ಅದೇ ಮಾತು. ಬಾಬಾಸಾಹೇಬರು ಅದನ್ನು ತಿರಸ್ಕರಿಸಿದರು.

ಪೆಟ್ಟಾದದ್ದು ಬೆನ್ನುಹುರಿಗೆ. ಕಾರಣ ತಿಳಿದರೆ ಪರಿಹಾರ ಹುಡುಕಬಹುದು. 2018ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಬೆನ್ನುಹುರಿಗೆ ವಿದ್ಯುತ್ ಪ್ರಚೋದನೆ ಕೊಟ್ಟು, ತರಬೇತಿ ನೀಡಿ, ಇಂಥ ಮೂವರನ್ನು ಆಧಾರದೊಂದಿಗೆ ನಡೆಸಿದರು. ಅದು ನಮ್ಮೂರಿಗೆ ಬರಲು ಕಾಲ ಬೇಕು. ಆದರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಹಾಸಿಗೆ ಹುಣ್ಣು ತಪ್ಪಿಸಲು ಇಂದೇ ನಮ್ಮ ಕೈಗಳು ಸಾಕು.

ಮಲದಲ್ಲಿ ಬಿದ್ದಿದ್ದ ರೋಗಿ ಭಿಕ್ಖುವಿಗೆ ಬುದ್ಧರು ಪೂರ್ವಜನ್ಮ ಕೇಳಲಿಲ್ಲ. ನೋಡಿಕೊಳ್ಳುವವರಿಲ್ಲವೇ ಎಂದು ಕೇಳಿದರು, ತಾವೇ ತೊಳೆದರು.

ಇಂದು ರಾತ್ರಿ ಸರದಿ ನನ್ನದು. ನಾಳೆ ಯಾರದು?

ಭವತು ಸಬ್ಬ ಮಂಗಲಂ.