ಒಬ್ಬರ ಭಾರ, ಮನೆಮಂದಿಯ ಭಾರ



ಸಂತ ಪೌಲರು ಕೊರಿಂಥದ ಸಭೆಗೆ ಬರೆದ ಮೊದಲನೆಯ ಪತ್ರದ 12ನೇ ಅಧ್ಯಾಯದಲ್ಲಿ ನಮ್ಮನ್ನು ಒಂದೇ ದೇಹದ ಅಂಗಗಳೆಂದು ಕರೆಯುತ್ತಾರೆ. ಒಂದು ಅಂಗ ನೊಂದರೆ ಉಳಿದವಕ್ಕೂ ನೋವು ತಪ್ಪದು ಎಂಬುದು ಅವರ ಬೋಧನೆ. ಬೊಜ್ಜಿನ ವಿಷಯದಲ್ಲಿ ಮಾತ್ರ ನಾವಿದನ್ನು ಮರೆಯುತ್ತೇವೆ. ದಪ್ಪಗಿರುವವರನ್ನು ಕಂಡು ನಗುತ್ತೇವೆ, ಅಡ್ಡಹೆಸರಿಡುತ್ತೇವೆ.

ಬೊಜ್ಜು ಸಿರಿವಂತರ ಕಾಯಿಲೆ ಎನ್ನುವ ಕಾಲ ಹೋಯಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ನಮ್ಮ ಆಂಧ್ರಪ್ರದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 36 ಮಂದಿ, ಗಂಡಸರಲ್ಲಿ 31 ಮಂದಿ ಮಿತಿಮೀರಿದ ತೂಕದವರು. ಬರಗಾಲಕ್ಕೆ ಹೆಸರಾದ ಅನಂತಪುರ ಸೀಮೆಯವರಿಗೆ ಇದು ವಿಚಿತ್ರವೆನಿಸಬಹುದು. ನಮ್ಮ ಹಿರಿಯರು ರಾಗಿ ಮುದ್ದೆ, ಜೋಳದ ರೊಟ್ಟಿ, ನವಣೆ ಅನ್ನ ಉಂಡು ಹೊಲದಲ್ಲಿ ದುಡಿದವರು. 1983ರಲ್ಲಿ ಎನ್.ಟಿ. ರಾಮರಾವ್ ಅವರ ಸರ್ಕಾರ ಕಿಲೋಗೆ 2 ರೂಪಾಯಿಯಂತೆ ಅಕ್ಕಿ ಕೊಟ್ಟಿತು. ಅದು ಬಡವರ ಹಸಿವು ನೀಗಿಸಿತು, ದೇವರಿಗೆ ಸ್ತೋತ್ರ. ಆದರೆ ವರ್ಷ ಕಳೆದಂತೆ ತಟ್ಟೆಯಲ್ಲಿ ಬಿಳಿ ಅನ್ನವೇ ಹೆಚ್ಚಿತು, ಮೈಮುರಿದು ದುಡಿಯುವುದು ಕಡಿಮೆಯಾಯಿತು. ರಾಯದುರ್ಗ, ಬಳ್ಳಾರಿಗಳಲ್ಲಿ ಜೀನ್ಸ್ ಹೊಲಿಯುವವರು ದಿನವೆಲ್ಲ ಮಷೀನಿನ ಮುಂದೆ ಕೂತಿರುತ್ತಾರೆ. ಕೈಗೆಟಕುವ ತಿಂಡಿ ಎಂದರೆ ಟೀ, ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಇದನ್ನು ಬರೀ ಹೊಟ್ಟೆಬಾಕತನ ಎಂದು ತೀರ್ಪು ಕೊಡುವುದು ನ್ಯಾಯವಲ್ಲ.

ತೂಕದ ಬೆನ್ನಿಗೆ ಸಕ್ಕರೆ ಕಾಯಿಲೆ, ಬಿ.ಪಿ., ಮೊಣಕಾಲು ನೋವು ಬರುತ್ತವೆ. ಆಗ ಮನೆಯ ಲೆಕ್ಕ ನೋಡಿರಿ. ತಿಂಗಳು ತಿಂಗಳು ಮಾತ್ರೆ, ರಕ್ತಪರೀಕ್ಷೆ. ಬಳ್ಳಾರಿಗೆ ಹೋಗಿಬರಲು ಬಸ್ಸಿನ ಚಾರ್ಜು. ಕಾಯಿಲೆಯವರ ಕೂಲಿ ಹೋಯಿತು, ಜೊತೆಗೆ ಹೋದವರ ಕೂಲಿಯೂ ಹೋಯಿತು. ಕೊನೆಗೆ ಬಡ್ಡಿ ಸಾಲ. ಕೆಲವೊಮ್ಮೆ ಮಗಳ ಓದಿಗೇ ಕತ್ತರಿ. ಲೋಕದ ಲೆಕ್ಕವೂ ಹೀಗೇ ಇದೆ: ಅತಿತೂಕದಿಂದಾಗುವ ನಷ್ಟ 2035ರ ಹೊತ್ತಿಗೆ ಜಗತ್ತಿನ ಒಟ್ಟು ಉತ್ಪನ್ನದ ನೂರಕ್ಕೆ ಸುಮಾರು 3 ಪಾಲು ಆಗಬಹುದೆಂದು ವಿಶ್ವ ಬೊಜ್ಜು ಒಕ್ಕೂಟ 2023ರಲ್ಲಿ ಅಂದಾಜು ಮಾಡಿದೆ.

ಜಗದ್ಗುರು ಫ್ರಾನ್ಸಿಸ್ ಅವರು 2024ರ ಜನವರಿ 10ರಂದು ಹೊಟ್ಟೆಬಾಕತನದ ಬಗ್ಗೆ ಬೋಧಿಸಿದರು. ಆಹಾರ ಕೆಟ್ಟದ್ದಲ್ಲ, ಆಹಾರದೊಡನೆ ನಮ್ಮ ಸಂಬಂಧ ಕೆಡಬಾರದು ಎಂಬುದು ಅದರ ಸಾರ. ಹಾಗಾದರೆ ನಾವೇನು ಮಾಡೋಣ?

ಶುಕ್ರವಾರ ಮಾಂಸ ಬಿಟ್ಟು ಬಜ್ಜಿಯಲ್ಲಿ ಹೊಟ್ಟೆ ತುಂಬಿಸಿಕೊಂಡರೆ ಅದು ತ್ಯಾಗವಾಗದು. ಕರಿದದ್ದನ್ನೂ ಬಾಟಲಿ ಪಾನೀಯವನ್ನೂ ಬಿಟ್ಟು, ಉಳಿದ ಹಣವನ್ನು ನೆರೆಮನೆಯ ರೋಗಿಯ ಮಾತ್ರೆಗೆ ಕೊಡಿರಿ. ವಾರಕ್ಕೆ ಕೆಲವು ದಿನವಾದರೂ ಮುದ್ದೆ, ನವಣೆ ಒಲೆಯ ಮೇಲೆ ಬರಲಿ. ಹಬ್ಬದೂಟದಲ್ಲಿ ಬೇಡವೆಂದವರಿಗೆ ಬಲವಂತದಿಂದ ಬಡಿಸಬೇಡಿರಿ. 30 ವರ್ಷ ದಾಟಿದವರು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿ.ಪಿ., ಸಕ್ಕರೆ ತಪಾಸಣೆ ಮಾಡಿಸಿಕೊಳ್ಳಿರಿ, ಅದು ಉಚಿತ. ನಡೆಯಲು ಸಂಕೋಚಪಡುವ ಅಕ್ಕನ ಜೊತೆಗೆ ಸಂಜೆ ನೀವೂ ನಾಲ್ಕು ಹೆಜ್ಜೆ ಹಾಕಿರಿ. ಅವರನ್ನು ನೋಡಿ ನಗುವುದಕ್ಕಿಂತ ಅದು ದೊಡ್ಡ ಪುಣ್ಯಕಾರ್ಯ.

ಯೇಸುಸ್ವಾಮಿ ಐದು ಸಾವಿರ ಮಂದಿಗೆ ತೃಪ್ತಿಯಾಗುವಷ್ಟು ಉಣಿಸಿದರು. ಎಲ್ಲರಿಗೂ ಸಾಕಾದ ಮೇಲೆ, ಉಳಿದ ತುಂಡುಗಳನ್ನು ಕೂಡಿಸಲು ಶಿಷ್ಯರಿಗೆ ಹೇಳಿದರು. ಹನ್ನೆರಡು ಬುಟ್ಟಿ ತುಂಬಿದವು. ಸಾಕು ಎನ್ನುವ ಮನಸ್ಸನ್ನೂ, ಉಳಿದದ್ದನ್ನು ಇಲ್ಲದವರಿಗಾಗಿ ಕೂಡಿಸುವ ಕೈಗಳನ್ನೂ ಅವರು ನಮಗೆ ದಯಪಾಲಿಸಲಿ. ಆಮೆನ್.